ಪ್ರಯಾಣಕ್ಕೆ ಗಾಳದ ಕೋಲು: ಕೊಳ್ಳುವ ಮುನ್ನ ನೋಡಬೇಕಾದದ್ದು

ಕೊಡಗಿಗೆ ರೈಲಿಲ್ಲ. ಕುಶಾಲನಗರದಿಂದ ಹೊರಟು ಪೊನ್ನಂಪೇಟೆ ಸೇರಬೇಕಾದರೂ, ಬೆಂಗಳೂರಿನಿಂದ ರಜೆಗೆಂದು ಊರಿಗೆ ಬರಬೇಕಾದರೂ ಬಸ್ಸು, ಕಾರು ಅಥವಾ ಬೈಕನ್ನೇ ನಂಬಬೇಕು. ಏಳಡಿಯ ಇಡೀ ಕೋಲನ್ನು ತುಂಬಿದ ಬಸ್ಸಿನಲ್ಲಿ ತುದಿ ಮುರಿಯದಂತೆ ತರುವುದು ಎಷ್ಟು ಕಷ್ಟವೆಂಬುದು ತಂದವರಿಗೇ ಗೊತ್ತು. ಹಾಗಾಗಿ ಬ್ಯಾಗಿನೊಳಗೆ ಹಿಡಿಯುವ ಕೋಲನ್ನು ಕೇಳುವವರು ಹೆಚ್ಚಾಗಿದ್ದಾರೆ. ಆದರೆ ಅಂಗಡಿಗೆ ಹೋದವರು ಮೊದಲು ಕೇಳುವುದು ‘ಮಡಚಿದರೆ ಎಷ್ಟು ಚಿಕ್ಕದಾಗುತ್ತದೆ’ ಎಂದು. ನನ್ನ ಅಭಿಪ್ರಾಯದಲ್ಲಿ ಅದು ಕಟ್ಟಕಡೆಗೆ ಕೇಳಬೇಕಾದ ಪ್ರಶ್ನೆ. ಕೋಲು ಬ್ಯಾಗಿನಲ್ಲಿರುವುದು ದಾರಿಯಲ್ಲಿ ಮಾತ್ರ, ಅದರ ಕೆಲಸವಿರುವುದು ನೀರಿನ ದಡದಲ್ಲಿ.

ಮೊದಲು ನೀರು ಯಾವುದೆಂದು ನಿರ್ಧರಿಸಿ

ಕೊಡಗಿನಲ್ಲಿ ಗಾಳ ಹಾಕುವವರಲ್ಲಿ ಬಹುಪಾಲು ಜನ ಕೂರುವುದು ತೋಟದ ಕೆರೆಯ ಏರಿಯ ಮೇಲೆ. ಕಾಫಿ ಹೂವಿಗೆ ಸ್ಪ್ರಿಂಕ್ಲರ್‌ನಲ್ಲಿ ನೀರು ಹಾಯಿಸಲೆಂದು ಕಟ್ಟಿಸಿದ ಈ ಕೆರೆಗಳಲ್ಲಿ ಕಾಟ್ಲಾ, ರೋಹು, ಹುಲ್ಲುಗೆಂಡೆ, ಸಾಮಾನ್ಯ ಗೆಂಡೆಯ ಮರಿಗಳನ್ನು ಬಿಟ್ಟಿರುತ್ತಾರೆ. ತಿಲಾಪಿಯಾ ತಾನಾಗಿಯೇ ಸೇರಿಕೊಂಡಿರುವುದೂ ಉಂಟು. ಇಲ್ಲಿ ದೂರಕ್ಕೆ ಎಸೆಯುವ ಅಗತ್ಯ ಕಡಿಮೆ, ಆದರೆ ಬೆನ್ನ ಹಿಂದೆ ಕಾಫಿ ಗಿಡ ಮತ್ತು ಸಿಲ್ವರ್ ಓಕ್ ಮರಗಳಿರುವುದರಿಂದ ಕೋಲು ಬೀಸಲು ಜಾಗವೂ ಕಡಿಮೆ. ಆರರಿಂದ ಏಳಡಿಯ ಮಧ್ಯಮ ಬಲದ ಕೋಲು ಇಲ್ಲಿಗೆ ಸರಿ. ಹಾರಂಗಿ, ಚಿಕ್ಲಿಹೊಳೆಯಂತಹ ಜಲಾಶಯದ ಬಯಲು ದಡದಲ್ಲಿ ಅನುಮತಿ ಪಡೆದು ಕೂರುವವರಿಗೆ ಎಂಟಡಿಯ ಕೋಲು ಅನುಕೂಲ, ಏಕೆಂದರೆ ಉದ್ದ ಹೆಚ್ಚಿದಷ್ಟೂ ಎಸೆತ ದೂರ ಹೋಗುತ್ತದೆ.

ಕಾವೇರಿಯ ವಿಷಯ ಬೇರೆಯೇ. ವಾಲ್ನೂರಿನ ಸುತ್ತಮುತ್ತ ಕೂರ್ಗ್ ವೈಲ್ಡ್‌ಲೈಫ್ ಸೊಸೈಟಿಯ ಮೇಲ್ವಿಚಾರಣೆಯಲ್ಲಿ ಬಹುಕಾಲದಿಂದ ಹಿಡಿದು ಬಿಡುವ ಪದ್ಧತಿಯ ಗಾಳ ನಡೆದುಬಂದಿದೆ, ಮತ್ತು ಅಲ್ಲಿಗೆ ಹೋಗುವವರ ಮನಸ್ಸಿನಲ್ಲಿರುವುದು ಮಹಶೀರ್, ಅಂದರೆ ನಮ್ಮ ಬಿಳಿಮೀನು. ಕಾವೇರಿ ಕಣಿವೆಯ ಬೆನ್ನುಬ್ಬಿದ ಮಹಶೀರ್ ಅನ್ನು ಅಂತರರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಒಕ್ಕೂಟವು 2018ರಲ್ಲಿ ತೀವ್ರ ಅಳಿವಿನಂಚಿನ ಪ್ರಭೇದವೆಂದು ಪಟ್ಟಿ ಮಾಡಿದೆ. 1946ರಲ್ಲಿ ಮೈಸೂರಿನ ಡಿ ವೆಟ್ ವ್ಯಾನ್ ಇಂಗೆನ್ ಇದೇ ಕಣಿವೆಯಲ್ಲಿ ಹಿಡಿದ ಮಹಶೀರ್ 120 ಪೌಂಡ್, ಅಂದರೆ ಸುಮಾರು 54 ಕಿಲೋ ತೂಗಿತ್ತು. ಅಂತಹ ಮೀನು ಇಂದು ಸಿಗುವುದಿಲ್ಲವೆಂದೇ ಇಟ್ಟುಕೊಂಡರೂ, ಹರಿವಿನಲ್ಲಿ ಈಜಿ ಬೆಳೆದ ಐದಾರು ಕಿಲೋದ ಬಿಳಿಮೀನು ಕೆರೆಯ ಗೆಂಡೆಗಿಂತ ಬಹಳ ಜೋರಾಗಿ ಎಳೆಯುತ್ತದೆ. ಇಲ್ಲಿ ತೆಳ್ಳನೆಯ ಕೋಲು ಹಿಡಿದು ಹೋಗುವುದು ಮೀನಿಗೆ ಮಾಡುವ ಅನ್ಯಾಯ: ಕೋಲಿಗೆ ಬಲವಿಲ್ಲದಿದ್ದರೆ ಮೀನನ್ನು ದಡಕ್ಕೆ ತರಲು ಬಹಳ ಹೊತ್ತು ಹಿಡಿಯುತ್ತದೆ, ಅಷ್ಟರಲ್ಲಿ ಅದು ಪೂರ್ತಿ ದಣಿದಿರುತ್ತದೆ, ಬಿಟ್ಟ ಮೇಲೂ ಬದುಕುವ ಭರವಸೆ ಇರುವುದಿಲ್ಲ. ನದಿಗೆ ಎಂಟರಿಂದ ಒಂಬತ್ತು ಅಡಿಯ, ಭಾರೀ ಬಲದ, ತುಂಡು ಜೋಡಿಸುವ ಕೋಲು ಬೇಕು. ಕೊಕ್ಕೆ ಒಂಟಿಯಾಗಿರಬೇಕು, ಅದರ ತುದಿಯ ಬಳಿ ಹಿಂದಕ್ಕೆ ಚಾಚುವ ಮುಳ್ಳು ಇರಬಾರದು. ನಾಗರಹೊಳೆ ರಾಷ್ಟ್ರೀಯ ಉದ್ಯಾನ ಮತ್ತು ಬ್ರಹ್ಮಗಿರಿ, ಪುಷ್ಪಗಿರಿ, ತಲಕಾವೇರಿ ವನ್ಯಜೀವಿ ಧಾಮಗಳ ಒಳಗಿನ ಹೊಳೆಗಳಲ್ಲಿ ಗಾಳ ಹಾಕುವ ಯೋಚನೆಯನ್ನೇ ಬಿಡಬೇಕು. ಉಳಿದ ಕಡೆ ಮೀನುಗಾರಿಕೆ ಇಲಾಖೆಯ ಪರವಾನಗಿಯನ್ನು, ನೀರಿನ ಹಕ್ಕು ಯಾರದೆಂಬುದನ್ನು ಮೊದಲೇ ವಿಚಾರಿಸಿಕೊಳ್ಳಬೇಕು.

ಟೆಲಿಸ್ಕೋಪಿಕ್ ಅಥವಾ ತುಂಡು ಜೋಡಿಸುವ ಕೋಲು

ಪ್ರಯಾಣದ ಕೋಲುಗಳಲ್ಲಿ ಮುಖ್ಯವಾಗಿ ಎರಡು ಬಗೆ. ಟೆಲಿಸ್ಕೋಪಿಕ್ ಕೋಲಿನಲ್ಲಿ ತೆಳು ಭಾಗಗಳು ದಪ್ಪ ಭಾಗಗಳೊಳಗೆ ಜಾರಿ ಸೇರಿಕೊಳ್ಳುತ್ತವೆ; ಮುಚ್ಚಿದಾಗ ಸುಮಾರು ಒಂದೂವರೆ ಅಡಿ, ಬಿಚ್ಚಲು ಅರೆ ನಿಮಿಷ, ಬೆಲೆಯೂ ಸಾಮಾನ್ಯವಾಗಿ ಕಡಿಮೆ. ಆದರೆ ದಾರ ಹಾಯುವ ಉಂಗುರಗಳನ್ನು ಪ್ರತಿ ಭಾಗದ ತುದಿಯಲ್ಲಿ ಮಾತ್ರ ಕೂರಿಸಲು ಸಾಧ್ಯವಿರುವುದರಿಂದ ಅವುಗಳ ನಡುವಿನ ಅಂತರವನ್ನು ಕೋಲಿನ ಬಾಗುವಿಕೆಗೆ ತಕ್ಕಂತೆ ಹಂಚಲಾಗುವುದಿಲ್ಲ. ದೊಡ್ಡ ಮೀನು ಎಳೆದಾಗ ಭಾರ ಕೋಲಿನುದ್ದಕ್ಕೂ ಸಮನಾಗಿ ಹರಡದೆ ಅಲ್ಲಲ್ಲಿ ಒತ್ತಡ ಬೀಳುತ್ತದೆ, ಮರಳು ಸೇರಿದರೆ ಭಾಗಗಳು ಸಿಕ್ಕಿಕೊಳ್ಳುತ್ತವೆ. ಮಕ್ಕಳ ಜೊತೆ ತೋಟದ ಕೆರೆಯಲ್ಲಿ ತಿಲಾಪಿಯಾ ಹಿಡಿಯಲು, ಬೈಕಿನ ಬ್ಯಾಗಿನಲ್ಲಿ ಸದಾ ಇಟ್ಟುಕೊಳ್ಳಲು ಇದು ಸಾಕು.

ಅದಕ್ಕಿಂತ ಹೆಚ್ಚಿನದನ್ನು ಬಯಸುವವರಿಗೆ ನಾನು ಹೇಳುವುದು ನಾಲ್ಕು ತುಂಡಿನ ಕೋಲನ್ನೇ. ಏಳಡಿಯ ಕೋಲು ನಾಲ್ಕು ತುಂಡಾದಾಗ, ಜೋಡಣೆಯಲ್ಲಿ ಒಂದರ ಮೇಲೊಂದು ಬರುವ ಭಾಗವೂ ಸೇರಿ, ಪ್ರತಿ ತುಂಡು ಸುಮಾರು 56 ಸೆಂಟಿಮೀಟರ್ ಇರುತ್ತದೆ. ಸಾಧಾರಣ ಸೂಟ್‌ಕೇಸಿನಲ್ಲಿ ಓರೆಯಾಗಿ ಇಟ್ಟರೆ ಹಿಡಿಯುತ್ತದೆ. ಉಂಗುರಗಳು ಇರಬೇಕಾದ ಜಾಗದಲ್ಲಿರುತ್ತವೆ, ಬಾಗುವುದು ಇಡೀ ಕೋಲಿನಂತೆಯೇ ಇರುತ್ತದೆ.

ಹಿಡಿಯ ಮೇಲಿನ ಅಂಕಿಗಳನ್ನು ಓದಿ

ಹಿಡಿಯ ಮೇಲ್ಭಾಗದಲ್ಲಿ ಅಚ್ಚಾಗಿರುವ ಸಣ್ಣ ಬರಹದಲ್ಲಿ ಉದ್ದ, ಎಸೆಯಬಹುದಾದ ತೂಕ ಮತ್ತು ದಾರದ ಬಲ ಇರುತ್ತವೆ. ಎಸೆಯುವ ತೂಕವೇ ಇವುಗಳಲ್ಲಿ ಮುಖ್ಯ. 10ರಿಂದ 30 ಗ್ರಾಂ ಎಂದಿದ್ದರೆ ಸೀಸ, ಕೊಕ್ಕೆ, ಎರೆ ಎಲ್ಲವೂ ಸೇರಿ ಆ ಮಿತಿಯೊಳಗಿರಬೇಕು. ಹಿಟ್ಟಿನ ಉಂಡೆ ಕಟ್ಟಿ ಗೆಂಡೆಗೆ ಎಸೆಯುವವರು ಉಂಡೆಯ ತೂಕವನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ, ಕೋಲು ಬಿರಿಯುವುದು ಹೀಗೆಯೇ. ಕೆರೆಗೆ ಈ ಅಳತೆಯ ಕೋಲು, 8ರಿಂದ 12 ಪೌಂಡಿನ ದಾರ, 2500 ಅಥವಾ 3000 ಅಳತೆಯ ಸ್ಪಿನ್ನಿಂಗ್ ರೀಲ್ (ದಾರ ಸುತ್ತುವ ರಾಟೆ) ಹೊಂದುತ್ತವೆ. ವಸ್ತುವಿನ ವಿಷಯದಲ್ಲಿ, ಕಾರ್ಬನ್ ಹಗುರ ಮತ್ತು ಚುರುಕು, ಆದರೆ ಕಲ್ಲಿಗೆ ಬಡಿದರೆ ಕಣ್ಣಿಗೆ ಕಾಣದಂತೆ ಬಿರುಕು ಬಿಡುತ್ತದೆ. ಫೈಬರ್ ಗ್ಲಾಸ್ ಭಾರ, ಆದರೆ ಪೆಟ್ಟು ತಾಳುತ್ತದೆ. ಎರಡನ್ನೂ ಬೆರೆಸಿ ಮಾಡಿದ ಕೋಲು ಪ್ರಯಾಣಕ್ಕೆ ಒಳ್ಳೆಯ ಆಯ್ಕೆ.

ಅಂಗಡಿಯಲ್ಲೇ ಪರೀಕ್ಷಿಸಿ

ಕೋಲನ್ನು ಪೂರ್ತಿ ಜೋಡಿಸಲು ಸಂಕೋಚವಿಲ್ಲದೆ ಕೇಳಿ. ಜೋಡಿಸಿದ ಮೇಲೆ, ಕೋವಿಯಲ್ಲಿ ಗುರಿ ನೋಡುವ ಹಾಗೆ ಒಂದು ಕಣ್ಣು ಮುಚ್ಚಿ ಹಿಡಿಯ ಕಡೆಯಿಂದ ತುದಿಯತ್ತ ನೋಡಬೇಕು: ಉಂಗುರಗಳೆಲ್ಲ ಒಂದೇ ಸಾಲಿನಲ್ಲಿ ಬರಬೇಕು, ಜೋಡಣೆಯ ಜಾಗದಲ್ಲಿ ಕೋಲು ಸೊಟ್ಟಗಾಗಿರಬಾರದು. ಬಳಿಕ ಮೆಲ್ಲನೆ ಅಲುಗಾಡಿಸಿ, ಬೆರಳನ್ನು ಒಂದೊಂದು ಜೋಡಣೆಯ ಮೇಲಿಟ್ಟು ನೋಡಿ. ಟಕ್ ಟಕ್ ಎಂಬ ಸದ್ದು ಬೆರಳಿಗೆ ತಟ್ಟಿದರೆ ಆ ಜೋಡಣೆ ಸಡಿಲ ಎಂದೇ ಅರ್ಥ, ‘ಬಳಸುತ್ತಾ ಸರಿಹೋಗುತ್ತದೆ’ ಎಂಬ ಮಾತನ್ನು ನಂಬಬಾರದು.

ಇನ್ನೊಂದು ಪರೀಕ್ಷೆಗೆ ಚಿಟಿಕೆ ಹತ್ತಿ ಸಾಕು. ಉಂಗುರಗಳ ಒಳಗಿನ ಸೆರಾಮಿಕ್ ಬಳೆಯ ಸುತ್ತ ಹತ್ತಿಯನ್ನು ಆಡಿಸಿದಾಗ ಒಂದೆರಡು ಎಳೆ ಸಿಕ್ಕಿಕೊಂಡು ನಿಂತರೆ ಅಲ್ಲಿ ಸೀಳು ಇದೆ. ಆ ಸೀಳು ಪ್ರತಿ ಎಸೆತದಲ್ಲೂ ದಾರವನ್ನು ಕೊರೆಯುತ್ತದೆ. ತುದಿಯ ಉಂಗುರವನ್ನು ವಿಶೇಷವಾಗಿ ನೋಡಬೇಕು, ಏಕೆಂದರೆ ಸಾಗಣೆಯಲ್ಲಿ ಪೆಟ್ಟು ತಿನ್ನುವುದು ಅದೇ. ರೀಲ್ ಕೂರುವ ಜಾಗ ತಿರುಪಿನದಾಗಿರಲಿ. ನಿಮ್ಮದೇ ರೀಲನ್ನು ಕೊಂಡೊಯ್ದು ಕೂರಿಸಿ, ದಾರದ ತುದಿಯನ್ನು ಅಂಗಡಿಯವರ ಕೈಗೆ ಕೊಟ್ಟು ನಿಧಾನವಾಗಿ ಬಾಗಿಸಿದರೆ ಬಾಗು ಹೇಗೆ ಬರುತ್ತದೆಂಬುದು ಕಾಣುತ್ತದೆ: ಅದು ಕಮಾನಿನಂತೆ ನುಣುಪಾಗಿರಬೇಕು, ಎಲ್ಲೂ ಮೂಲೆಯಾಗಿ ಮುರಿದು ಕಾಣಬಾರದು.

ವಿದ್ಯುತ್ ತಂತಿಯ ಬಗ್ಗೆ ಒಂದು ಮಾತು

ಕರಿಮೆಣಸು ಕೊಯ್ಯುವಾಗ ಅಲ್ಯೂಮಿನಿಯಂ ಏಣಿ ತಂತಿಗೆ ತಗುಲಿ ಕಾರ್ಮಿಕರು ಜೀವ ಕಳೆದುಕೊಂಡ ಸುದ್ದಿಗಳನ್ನು ಈ ಜಿಲ್ಲೆಯವರು ಎಷ್ಟೋ ಸಲ ಓದಿದ್ದಾರೆ. ಕಾರ್ಬನ್ ಕೋಲಿನಲ್ಲೂ ವಿದ್ಯುತ್ ಹರಿಯುತ್ತದೆ ಎಂಬುದು ಮಾತ್ರ ಅನೇಕರಿಗೆ ತಿಳಿದಿಲ್ಲ. ಪಂಪ್‌ಸೆಟ್ಟಿಗೆಂದು ಎಳೆದ ತಂತಿಗಳು ತೋಟದ ಕೆರೆಯ ಮೇಲೆ ಅಥವಾ ಪಕ್ಕದಲ್ಲೇ ಹಾದುಹೋಗುವುದು ಸಾಮಾನ್ಯ. ಕೋಲನ್ನು ಬಿಚ್ಚುವ ಮೊದಲು ತಲೆಯೆತ್ತಿ ನೋಡಿ. ತಂತಿ ಇದ್ದರೆ ಜಾಗ ಬದಲಿಸಿ, ಒಂದು ಜಾಗದಿಂದ ಇನ್ನೊಂದಕ್ಕೆ ನಡೆಯುವಾಗ ಕೋಲನ್ನು ಅಡ್ಡವಾಗಿ ತಗ್ಗಿಸಿ ಹಿಡಿಯಿರಿ. ಏಪ್ರಿಲ್, ಮೇ ತಿಂಗಳ ಸಂಜೆ ಗುಡುಗು ಕೇಳಿಸಿದ ಕೂಡಲೇ ಕೋಲನ್ನು ಕೆಳಗಿಟ್ಟು ದಡದಿಂದ ದೂರ ಸರಿಯಬೇಕು. ಮೀನು ಸಿಕ್ಕಿಕೊಂಡಿದ್ದರೂ ಸರಿಯೇ.

ಸಾಗಣೆ, ಜೋಡಣೆ, ಆರೈಕೆ

ಬಟ್ಟೆಯ ಚೀಲದಲ್ಲಿ ಬಂದ ಕೋಲಿಗೆ ಗಟ್ಟಿ ಕೊಳವೆ ಬೇಕು. ಹಾರ್ಡ್‌ವೇರ್ ಅಂಗಡಿಯ ಪಿವಿಸಿ ಪೈಪನ್ನು ಅಳತೆಗೆ ಕತ್ತರಿಸಿ, ಎರಡೂ ಕಡೆ ಮುಚ್ಚಳ ಹಾಕಿ, ಒಳಗೆ ಹಳೆಯ ಬಟ್ಟೆ ತುರುಕಿದರೆ ಸಾಕು. ಕಣ್ಣೂರು ಅಥವಾ ಮಂಗಳೂರಿನಿಂದ ವಿಮಾನ ಹತ್ತುವವರು ಕೊಕ್ಕೆ, ಚಾಕು, ಕೋಲು ಎಲ್ಲವನ್ನೂ ಚೆಕ್-ಇನ್ ಸಾಮಾನಿನಲ್ಲೇ ಕಳಿಸುವುದು ಒಳಿತು.

ಟೆಲಿಸ್ಕೋಪಿಕ್ ಕೋಲನ್ನು ತುದಿಯ ತೆಳು ಭಾಗದಿಂದ ಬಿಚ್ಚಲು ತೊಡಗಿ ಹಿಡಿಯ ಕಡೆಗೆ ಬರಬೇಕು, ಮುಚ್ಚುವಾಗ ಹಿಡಿಯ ಕಡೆಯ ದಪ್ಪ ಭಾಗದಿಂದ ಮೊದಲಾಗಬೇಕು. ಜೋರಾಗಿ ಬೀಸಿ ಬಿಚ್ಚಿದರೆ ಭಾಗಗಳು ಬಿಗಿದುಕೊಂಡು ಮತ್ತೆ ಹೊರಬರುವುದಿಲ್ಲ. ತುಂಡು ಕೋಲಿನ ಜೋಡಣೆಯಲ್ಲಿ ಉಂಗುರಗಳನ್ನು ಸ್ವಲ್ಪ ಓರೆಯಾಗಿಟ್ಟು ಒಳಗೆ ತಳ್ಳಿ, ಆಮೇಲೆ ತಿರುಗಿಸಿ ಸಾಲಿಗೆ ತರಬೇಕು. ಎಸೆಯುತ್ತಾ ಎಸೆಯುತ್ತಾ ಜೋಡಣೆ ಸಡಿಲವಾಗುತ್ತದೆ, ಆದ್ದರಿಂದ ಆಗಾಗ ಮುಟ್ಟಿ ನೋಡುತ್ತಿರಬೇಕು. ಬಿಗಿದುಕೊಂಡ ಕೋಲಿಗೆ ಇಕ್ಕಳ ಹಾಕಲೇಬಾರದು, ಕೋಲೇ ಒಡೆಯುತ್ತದೆ. ರಬ್ಬರ್ ಕೈಗವಸು ಹಾಕಿಕೊಂಡು ಇಬ್ಬರು ಎರಡು ಕಡೆ ಹಿಡಿದು ನೇರವಾಗಿ ಎಳೆದರೆ ಬರುತ್ತದೆ. ಜೋಡಣೆಗೆ ವರ್ಷಕ್ಕೊಮ್ಮೆ ಮೇಣದಬತ್ತಿಯನ್ನು ತೆಳುವಾಗಿ ಉಜ್ಜಿದರೆ ಇಷ್ಟು ತೊಂದರೆಯೇ ಬರುವುದಿಲ್ಲ.

ನಮ್ಮ ಮಳೆಗಾಲ ಕೋಲಿಗೂ ಕಷ್ಟಕಾಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕೊಳವೆಯಲ್ಲಿ ಮುಚ್ಚಿಟ್ಟ ಕೋಲಿನ ಕಾರ್ಕ್ ಹಿಡಿಗೆ ಬೂಷ್ಟು ಹಿಡಿಯುತ್ತದೆ, ರೀಲ್ ಕೂರುವ ಜಾಗದ ಲೋಹಕ್ಕೆ ತುಕ್ಕು ಬರುತ್ತದೆ. ಫೋಮ್ ಹಿಡಿಯ ಕೋಲು ಈ ವಿಷಯದಲ್ಲಿ ವಾಸಿ. ಯಾವ ಹಿಡಿಯೇ ಇರಲಿ, ಮಳೆ ಶುರುವಾಗುವ ಮೊದಲು ತುಂಡುಗಳನ್ನು ಸಿಹಿನೀರಿನಲ್ಲಿ ಒರೆಸಿ, ಪೂರ್ತಿ ಒಣಗಿಸಿ, ಕೊಳವೆಯಿಂದ ಹೊರತೆಗೆದು, ಹೊಗೆ ತಾಗದ ಬೆಚ್ಚನೆಯ ಕೋಣೆಯಲ್ಲಿ ಗೋಡೆಗೆ ಎರಡು ಮೊಳೆ ಹೊಡೆದು ಅಡ್ಡವಾಗಿ ಮಲಗಿಸಿಡಬೇಕು.