ಹಳೇ ಮೋಸಿನ್ ಕೋವಿ: ಎಣ್ಣೆಗಿಂತ ಮೊದಲು ನೀರು

ಕೋವಿ ಮನೆಗೆ ಬಂದ ದಿನ ಅದನ್ನು ಸರಿಯಾಗಿ ಹಿಡಿದುಕೊಳ್ಳಲೂ ಆಗಲಿಲ್ಲ. ಕೈ ಜಾರುತ್ತಿತ್ತು. ನಳಿಗೆಯ ಬಾಯಿಯಿಂದ ಹಿಂಬದಿಯ ಕಬ್ಬಿಣದ ತಟ್ಟೆಯವರೆಗೆ ಕಂದು ಬಣ್ಣದ ಅಂಟು. ಗಾಡಿಯ ಕೀಲೆಣ್ಣೆ ವರ್ಷಗಟ್ಟಲೆ ಒಣಗಿದರೆ ಹೇಗಿರುತ್ತೋ ಹಾಗೆ. ಇದೇ ಕಾಸ್ಮೊಲಿನ್. ಸೇನೆಯ ಉಗ್ರಾಣದಲ್ಲಿ ದಶಕಗಟ್ಟಲೆ ಬಿದ್ದಿದ್ದರೂ ತುಕ್ಕು ಹಿಡಿಯದಿರಲಿ ಅಂತ ಬಳಿದಿಡುವ ಗ್ರೀಸು.

ನನ್ನದು ಮೋಸಿನ್-ನಗಾಂತ್ 91/30. ರಷ್ಯಾದ ಸೇನೆ 1891ರಲ್ಲಿ ಒಪ್ಪಿಕೊಂಡ ಕೋವಿಯನ್ನೇ ಸೋವಿಯತ್‌ನವರು 1930ರಲ್ಲಿ ಅಷ್ಟಿಷ್ಟು ತಿದ್ದಿದರು. ಹೆಸರಿನಲ್ಲಿರುವುದು ಆ ಎರಡು ಇಸವಿಗಳೇ. ನಳಿಗೆಯ ಬುಡದಲ್ಲಿ ತ್ರಿಕೋನದೊಳಗೆ ಬಾಣದ ಮುದ್ರೆ ಇದೆ, ಅಂದರೆ ಇಝೆವ್ಸ್ಕ್ ಕಾರ್ಖಾನೆಯದು. ನಕ್ಷತ್ರದೊಳಗೆ ಬಾಣ ಇದ್ದರೆ ತುಲಾ ಕಾರ್ಖಾನೆಯದು. ಪಕ್ಕದಲ್ಲೇ 1943 ಅಂತ ಇದೆ. ಯುದ್ಧದ ಅವಸರ ಕಬ್ಬಿಣದ ಮೇಲೇ ಕಾಣುತ್ತದೆ. ಕಡೆದ ಗೆರೆಗಳನ್ನು ಉಜ್ಜಿ ನುಣುಪು ಮಾಡುವಷ್ಟು ಪುರುಸೊತ್ತು ಯಾರಿಗೂ ಇರಲಿಲ್ಲ.

ಲೈಸೆನ್ಸ್ ಕೈಗೆ ಬಂದ ಮೇಲೆ ಮೂರು ಕೋವಿ ನೋಡಿದ್ದೆ. ಮೊದಲನೆಯದರ ಮರ ಫಳಫಳ ಅನ್ನುತ್ತಿತ್ತು. ಆದರೆ ನಳಿಗೆಯ ಬಾಯಿ ಸವೆದು ಮೊಟ್ಟೆಯಾಕಾರಕ್ಕೆ ತಿರುಗಿತ್ತು. ಕಬ್ಬಿಣದ ಕಡ್ಡಿಯನ್ನು ಬಾಯಿಯ ಕಡೆಯಿಂದ ತೂರಿಸಿ ತೂರಿಸಿ ಶುಚಿ ಮಾಡಿದ ಕೋವಿಗಳ ಗತಿಯೇ ಇದು. ಎರಡನೆಯದರ ಬಾಯಿಯನ್ನು ಸ್ವಲ್ಪ ಒಳಗಿನವರೆಗೆ ಅಗಲಿಸಿ ಕೊರೆದಿದ್ದರು. ಬಾಯಿ ಸವೆದಿದ್ದಾಗ ಸೇನೆಯ ರಿಪೇರಿ ಕಾರ್ಯಾಗಾರಗಳು ಹೀಗೆ ಮಾಡುತ್ತಿದ್ದವು. ಅದೇನೂ ದೋಷವಲ್ಲ, ಗುರಿ ಚೆನ್ನಾಗಿಯೇ ಇರಬಹುದು. ಮೂರನೆಯದು ನೋಡಲು ಕುರೂಪಿ, ಮರದ ತುಂಬ ಗಾಯ. ಆದರೆ ಟಾರ್ಚ್ ಹಾಕಿ ನೋಡಿದರೆ ಗ್ರೀಸಿನ ನಡುವೆಯೂ ಗುಂಡನ್ನು ಗಿರಗಿರ ತಿರುಗಿಸುವ ಒಳಗಿನ ತಿರುವು ಗೆರೆಗಳ ಅಂಚು ಚೂಪಾಗಿ ಕಂಡಿತು. ಅದನ್ನೇ ತಗೊಂಡೆ. ಮರವನ್ನು ಆಮೇಲೂ ಸರಿ ಮಾಡಬಹುದು, ನಳಿಗೆಯನ್ನು ಆಗುತ್ತಾ?

ನಳಿಗೆ, ಬೋಲ್ಟ್ (ತೋಟಾವನ್ನು ಒಳಗೆ ತಳ್ಳಿ ಹಿಂಬದಿ ಮುಚ್ಚುವ ಅಗುಳಿ), ಮ್ಯಾಗಜೀನ್‌ನ (ತೋಟಾ ತುಂಬುವ ಪೆಟ್ಟಿಗೆಯ) ತಳ, ಹಿಂಬದಿಯ ತಟ್ಟೆ, ನಾಲ್ಕರ ಮೇಲೂ ಒಂದೇ ನಂಬರ್ ಇತ್ತು. ಖುಷಿಯಾಯಿತು. ಆಮೇಲೆ ಸರಿಯಾಗಿ ನೋಡಿದರೆ ಬೋಲ್ಟ್ ಮೇಲಿನ ಹಳೇ ನಂಬರ್ ಹೊಡೆದುಹಾಕಿ ಹೊಸದನ್ನು ಕೊರೆದಿದ್ದಾರೆ. ಅಂದರೆ ಬೋಲ್ಟ್ ಬೇರೆ ಕೋವಿಯದು. ಹಾಗಾಗಿ ಗುಂಡು ಹಾರಿಸುವ ಮುಂಚೆ ಬಂದೂಕು ರಿಪೇರಿಯವರ ಹತ್ತಿರ ಹೆಡ್‌ಸ್ಪೇಸ್ ಅಳತೆ ಮಾಡಿಸಿದೆ. ಬೋಲ್ಟ್‌ಗೂ ತೋಟಾದ ಬುಡಕ್ಕೂ ನಡುವಿನ ಸಂದು ಜಾಸ್ತಿಯಾದರೆ ತೋಟಾ ಒಡೆದು ಬಿಸಿ ಗಾಳಿ ಮುಖಕ್ಕೇ ಬರಬಹುದು. ಇದರಲ್ಲಿ ಅಂದಾಜು ಬೇಡ.

ಗ್ರೀಸು ತೆಗೆಯುವುದೇ ದೊಡ್ಡ ಕೆಲಸ. ಬಿಡಿಸಿದ ಕಬ್ಬಿಣದ ಭಾಗಗಳಿಗೆ ಕುದಿಯುವ ನೀರು ಸುರಿದೆ, ಅಂಟು ಕರಗಿ ಹರಿಯಿತು. ಮರವನ್ನು ಕಪ್ಪು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಬಿಸಿಲಿಗೆ ಇಟ್ಟೆ. ಸ್ವಲ್ಪ ಹೊತ್ತಿಗೆಲ್ಲ ಬೆವರಿದ ಹಾಗೆ ಗ್ರೀಸು ಮೇಲೆ ಬಂತು. ಒರೆಸು, ಮತ್ತೆ ಇಡು, ಮತ್ತೆ ಒರೆಸು. ನಾಲ್ಕು ಬಿಸಿಲು ಬೇಕಾಯಿತು. ಕೊನೆಯಲ್ಲಿ ಬುದ್ಧಿ ಉಪಯೋಗಿಸಿ ಸ್ಪಿರಿಟ್ ಹಚ್ಚಿದೆ ನೋಡಿ, ಅಂಗೈ ಅಗಲ ಜಾಗದ ಬಣ್ಣವೇ ಎದ್ದು ಬಂತು. ಮೇಲಿದ್ದದ್ದು ಅರಗಿನ ಲೇಪ, ಸ್ಪಿರಿಟ್‌ಗೆ ಅರಗು ಕರಗದೆ ಇರುತ್ತಾ? ಆ ಕಲೆ ಈಗಲೂ ಇದೆ. ಮರಳು ಕಾಗದ ಮಾತ್ರ ಮುಟ್ಟಿಸಲಿಲ್ಲ, ಉಜ್ಜಿದರೆ ಮುದ್ರೆಗಳು ಹೋಗುತ್ತವೆ.

ಆದರೆ ಒಂದು ಜಾಗ ಮರೆತಿದ್ದೆ. ಮೊದಲ ದಿನ ಹತ್ತು ಗುಂಡು ಆಗುವಷ್ಟರಲ್ಲಿ ಬೋಲ್ಟ್ ಕಚ್ಚಿಕೊಂಡಿತು. ಅಂಗೈಯಿಂದ ಗುದ್ದಿದರೂ ಮೇಲೇಳಲಿಲ್ಲ. ನಳಿಗೆಯನ್ನು ಗುರಿಯ ಕಡೆಗೇ ಇಟ್ಟು ಆರಲು ಬಿಟ್ಟೆ, ಆಮೇಲೆ ಬಂತು. ತೋಟಾ ಕೂರುವ ಚೇಂಬರಿನ ಗೋಡೆಯಲ್ಲಿ ಗ್ರೀಸು ವಾರ್ನಿಶ್ ತರಹ ಗಟ್ಟಿಯಾಗಿ ಉಳಿದಿತ್ತು. ಬಿಸಿಯಾದಾಗ ಮೆತ್ತಗಾಗಿ ತೋಟಾದ ಖೋಲನ್ನು ಹಿಡಿದುಕೊಳ್ಳುತ್ತಿತ್ತು. ನಳಿಗೆಯ ಬ್ರಷ್ ಅಲ್ಲಿ ಸಡಿಲ, ಉಜ್ಜುವುದೇ ಇಲ್ಲ. 20 ಬೋರ್ ಕೋವಿಯ ಕಂಚಿನ ಬ್ರಷ್ ಸರಿಯಾಗಿ ಕೂತಿತು. ಟರ್ಪೆಂಟೈನ್‌ನಲ್ಲಿ ಅದ್ದಿ ಕೈಯಲ್ಲೇ ತಿರುಗಿಸಿದೆ. ಬಟ್ಟೆ ಚಹಾ ಬಣ್ಣಕ್ಕೆ ತಿರುಗುವುದು ನಿಲ್ಲುವವರೆಗೂ ಬಿಡಲಿಲ್ಲ.

ಇದಕ್ಕಿಂತ ದೊಡ್ಡ ತಪ್ಪು ಅದೇ ದಿನ ರಾತ್ರಿ ಮಾಡಿದೆ. ಹಾರಿಸಿದ್ದು ಹಳೇ ಸೇನಾ ತೋಟಾಗಳು. ಅವುಗಳ ಬುಡದಲ್ಲಿ ಮೊದಲ ಕಿಡಿ ಹೊತ್ತಿಸುವ ಕಿಡಿಮದ್ದಿನಲ್ಲಿ ಪೊಟ್ಯಾಸಿಯಂ ಕ್ಲೋರೇಟ್ ಇರುತ್ತದೆ. ಸಿಡಿದ ಮೇಲೆ ಉಳಿಯುವುದು ಪೊಟ್ಯಾಸಿಯಂ ಕ್ಲೋರೈಡ್, ಅಂದರೆ ಒಂದು ಬಗೆಯ ಉಪ್ಪು. ಅದು ಗಾಳಿಯ ತೇವ ಎಳೆದುಕೊಳ್ಳುತ್ತದೆ. ನಾನು ಸುಮ್ನೆ ಎಣ್ಣೆ ಬಟ್ಟೆ ಎಳೆದು ಮಲಗಿದೆ. ಎರಡು ದಿನ ಬಿಟ್ಟು ನೋಡಿದರೆ ಬಿಳಿ ಬಟ್ಟೆ ಇಟ್ಟಿಗೆ ಬಣ್ಣದಲ್ಲಿ ಹೊರಬಂತು. ಉಪ್ಪು ಎಣ್ಣೆಯಲ್ಲಿ ಕರಗುವುದಿಲ್ಲ, ನೀರಿನಲ್ಲಿ ಕರಗುತ್ತದೆ. ಶಾಲೆಯಲ್ಲೇ ಕಲಿತ ಪಾಠ, ಕೋವಿ ಮುಂದೆ ಕೂತಾಗ ನೆನಪಾಗಲಿಲ್ಲ, ಅಷ್ಟೆ. ಪುಣ್ಯಕ್ಕೆ ತುಕ್ಕು ಇನ್ನೂ ಮೇಲಿನ ಪದರದಲ್ಲೇ ಇತ್ತು.

ಈಗ ಹಾರಿಸಿದ ದಿನವೇ ಬೋಲ್ಟ್ ತೆಗೆದು ಚೇಂಬರಿನ ಕಡೆಯಿಂದ ಬಿಸಿನೀರು ಹರಿಸುತ್ತೇನೆ. ಬೋಲ್ಟ್‌ನ ತಲೆಯನ್ನೂ ತೊಳೆಯುತ್ತೇನೆ. ಉಪ್ಪು ಅಲ್ಲೂ ಕೂತಿರುತ್ತದೆ. ಬಿಸಿಯಾದ ನಳಿಗೆ ಬೇಗ ಒಣಗುತ್ತದೆ, ಆಮೇಲೆ ಒಣ ಬಟ್ಟೆ, ಕೊನೆಗೆ ತೆಳ್ಳಗೆ ಎಣ್ಣೆ. ಅಮೋನಿಯಾ ಹಾಕಬೇಕು ಅನ್ನುವವರಿದ್ದಾರೆ. ನಿಜವಾಗಿ ಕೆಲಸ ಮಾಡುವುದು ಅದರಲ್ಲಿರುವ ನೀರೇ.

ಬೋಲ್ಟ್ ಬಿಡಿಸಲು ಯಾವ ಹತಾರವೂ ಬೇಡ, ಅದೇ ಅದರ ಸೊಗಸು. ಆದರೆ ಜೋಡಿಸುವಾಗ ಫೈರಿಂಗ್ ಪಿನ್ನನ್ನು (ಕಿಡಿಮದ್ದಿಗೆ ಹೊಡೆಯುವ ಸೂಜಿ) ಎಷ್ಟು ಸುತ್ತು ತಿರುಗಿಸಿದಿರಿ ಅನ್ನುವುದು ಮುಖ್ಯ. ಅದರ ಹಿಂದಿನ ತುದಿ ಬೋಲ್ಟ್‌ನ ಹಿಂಬದಿಯ ಗುಬುಟಿನ ಮಟ್ಟಕ್ಕೆ ಸಮನಾಗಿ, ಗೆರೆಗೆ ಗೆರೆ ಕೂಡಬೇಕು. ಒಮ್ಮೆ ನಾನು ಒಂದು ಸುತ್ತು ಕಡಿಮೆ ತಿರುಗಿಸಿದ್ದೆ. ಪಿನ್ನು ಮುಂದೆ ಜಾಸ್ತಿ ಚಾಚಿತ್ತು. ಕೋವಿಯ ಜೊತೆ ಬರುವ ಚಪ್ಪಟೆ ಹತಾರದಲ್ಲಿ 75, 95 ಅಂತ ಎರಡು ಕಚ್ಚು ಇವೆ. ಪಿನ್ನಿನ ತುದಿ 75ಕ್ಕೆ ತಾಗಬೇಕು, 95ಕ್ಕೆ ತಾಗಬಾರದು. ನನ್ನದು ಎರಡಕ್ಕೂ ತಾಗಿತು. ಹಾಗೇ ಹಾರಿಸಿದ್ದರೆ ಕಿಡಿಮದ್ದಿನ ಬಟ್ಟಲು ತೂತಾಗುತ್ತಿತ್ತು.

ಇನ್ನು ಗುರಿ. 100 ಮೀಟರಿನಲ್ಲಿ ಎಲ್ಲ ಗುಂಡೂ ಮೇಲಕ್ಕೇ ಹೋಗುತ್ತಿದ್ದವು. ಸೋವಿಯತ್ ಸೈನಿಕರು ನಳಿಗೆಯ ತುದಿಗೆ ಬಯೊನೆಟ್ (ಚುಚ್ಚುವ ಅಲಗು) ಸಿಕ್ಕಿಸಿಕೊಂಡೇ ಗುರಿ ಹೊಂದಿಸುತ್ತಿದ್ದರು, ಅದಿಲ್ಲದಿದ್ದರೆ ಹೊಡೆತದ ಜಾಗ ಬದಲಾಗುತ್ತದೆ. ಗುರಿ ನೋಡುವ ಮುಂದಿನ ಕಡ್ಡಿಯನ್ನು ಎತ್ತರ ಮಾಡಬೇಕಿತ್ತು. ಕರೆಂಟ್ ವೈರಿನ ಮೇಲಿನ ಪ್ಲಾಸ್ಟಿಕ್ ಕೊಳವೆಯ ಚೂರನ್ನು ಅದಕ್ಕೆ ತೊಡಿಸಿ, ಹಾರಿಸುವುದು, ಬ್ಲೇಡಿನಿಂದ ಕೂದಲೆಳೆಯಷ್ಟು ಕತ್ತರಿಸುವುದು, ಮತ್ತೆ ಹಾರಿಸುವುದು. ಐದನೇ ಸಲಕ್ಕೆ ಗುಂಡುಗಳು ಮಧ್ಯಕ್ಕೆ ಬಂದವು. ಗುಂಡು ಸ್ವಲ್ಪ ಎಡಕ್ಕೆ ಹೋಗುವುದನ್ನು ಸರಿಪಡಿಸುವುದು ಇನ್ನೂ ಬಾಕಿ ಇದೆ. ಅದಕ್ಕೆ ಮುಂದಿನ ಕಡ್ಡಿಯನ್ನೂ ಎಡಕ್ಕೇ ತಟ್ಟಬೇಕು, ಬಲಕ್ಕಲ್ಲ. ನಾನು ಮೊದಲು ಬಲಕ್ಕೆ ತಟ್ಟಿ ಎರಡು ತೋಟಾ ಹಾಳು ಮಾಡಿದೆ.