30 ಸೆನ್ಸಾರ್‌ಗಳಿಗೆ ಸರದಿ ಕಲಿಸಿದ್ದು

ಹೆಬ್ರಿ ಹತ್ತಿರ ಭಾವನ ಅಡಿಕೆ ತೋಟದಲ್ಲಿ ಮಣ್ಣಿನ ತೇವ ನೋಡಲಿಕ್ಕೆ 30 ಲೋರಾ (ಕಡಿಮೆ ಕರೆಂಟಿನಲ್ಲಿ ದೂರಕ್ಕೆ ಹೋಗುವ ರೇಡಿಯೋ) ಸೆನ್ಸಾರ್ ಹಾಕಿದ್ದೆ. ಬ್ಯಾಂಡ್ 865 ಮೆಗಾಹರ್ಟ್ಸ್, ಲೈಸೆನ್ಸ್ ಬೇಡ. ಎಲ್ಲದರ ಸಂದೇಶ ಹಿಡಿಯುವ ಗೇಟ್‌ವೇ ಮನೆಯ ಮಾಡಿನ ಮೇಲೆ. ಪಂಪ್ ಶೆಡ್‌ನಿಂದ 12 ವೋಲ್ಟ್ ಲೈನ್ ಎಳೆದು, ನಿಮಿಷಕ್ಕೊಮ್ಮೆ ಲೆಕ್ಕ ಕಳಿಸುವ ಹಾಗೆ ಬರೆದಿದ್ದೆ. ಮೊದಲ ವಾರ ಸುಮಾರಾಗಿ ನಡೆಯಿತು. ಒಂದು ಸಂಜೆ ಕರೆಂಟ್ ಹೋಗಿ ಬಂತು ನೋಡಿ, ಮನೆ ಪಕ್ಕದ ಎರಡು ಬಿಟ್ಟರೆ ಬೇರೆ ಯಾವುದೂ ಕಾಣಿಸಲಿಲ್ಲ.

"ಎಂತ ಮಾರಾಯ, ಎಲ್ಲಾ ಸತ್ತು ಹೋಯ್ತಾ?" ಅಂತ ಭಾವ ಫೋನ್ ಮಾಡಿದರು.

ಸತ್ತಿರಲಿಲ್ಲ. ಕರೆಂಟ್ ಬಂದ ಕೂಡಲೇ ಎಲ್ಲವೂ ಒಟ್ಟಿಗೆ ಎದ್ದು, ಪ್ರತಿ ನಿಮಿಷವೂ ಒಂದೇ ಕ್ಷಣಕ್ಕೆ ಕೂಗುತ್ತಿದ್ದವು. ಗೇಟ್‌ವೇಗೆ ಹತ್ತಿರದ, ಜೋರಾದ ದನಿ ಮಾತ್ರ ಕೇಳುತ್ತಿತ್ತು.

ಆಂಟೆನಾ ಬದಲಿಸಿ ಎಂದು ಹೇಳಿದವರೇ ಜಾಸ್ತಿ. ಅದರಿಂದ ಏನೂ ಆಗುವುದಿಲ್ಲ. ಪಕ್ಕದವರ ಮಾತು ಕೇಳಿಸಿಕೊಂಡು ಆಮೇಲೆ ಕಳಿಸುವ ವಿಧಾನವನ್ನೂ ಹಾಕಿ ನೋಡಿದೆ, ಆದರೆ ಗುಡ್ಡದ ಆಚೆ ಬದಿಯ ಸೆನ್ಸಾರ್ ಈಚೆಯದ್ದಕ್ಕೆ ಕೇಳಿಸುವುದೇ ಇಲ್ಲ, ಮಾಡಿನ ಮೇಲಿನ ಗೇಟ್‌ವೇಗೆ ಮಾತ್ರ ಇಬ್ಬರದ್ದೂ ಕೇಳಿಸುತ್ತದೆ, ಹಾಗಾಗಿ ಡಿಕ್ಕಿ ತಪ್ಪಲಿಲ್ಲ. ಮನಸ್ಸಿಗೆ ಬಂದಾಗ ಕಳಿಸಲಿ ಅಂತ ಬಿಟ್ಟರೆ? 1971ರಲ್ಲಿ ಹವಾಯಿ ವಿಶ್ವವಿದ್ಯಾಲಯದ ಅಲೋಹಾ ನೆಟ್‌ವರ್ಕ್ ಮಾಡಿದ್ದು ಅದನ್ನೇ. ಆ ಪದ್ಧತಿಯಲ್ಲಿ ರೇಡಿಯೋ ಸಮಯದ ಸುಮಾರು 18 ಶೇಕಡಾಕ್ಕಿಂತ ಹೆಚ್ಚು ಉಪಯೋಗಕ್ಕೆ ಸಿಗುವುದಿಲ್ಲ. ನನ್ನ ಒಂದು ಸಂದೇಶಕ್ಕೆ ಸುಮಾರು 0.4 ಸೆಕೆಂಡ್, 30ಕ್ಕೆ 12 ಸೆಕೆಂಡ್, ಅಂದರೆ ನಿಮಿಷದ ಐದನೇ ಒಂದು ಪಾಲು. ಡಿಕ್ಕಿಯಲ್ಲಿ ಮೂರರಲ್ಲಿ ಒಂದು ಸಂದೇಶ ಕಳೆದುಹೋಯಿತು ಅಂತಲೇ ಲೆಕ್ಕ.

ಉಡುಪಿ ಬಸ್ ಸ್ಟ್ಯಾಂಡ್‌ನಲ್ಲಿ ಟೈಮ್ ಕೀಪರ್ ಇಲ್ಲದಿದ್ದರೆ ಸರ್ವಿಸ್ ಬಸ್‌ಗಳ ಕಥೆ ಏನಾಗುತ್ತದೆ ಅಂತ ನಮಗೆ ಗೊತ್ತಲ್ವಾ? ಗೇಟ್‌ವೇಗೆ ಅದೇ ಕೆಲಸ ಕೊಟ್ಟೆ. ಪ್ರತಿ ನಿಮಿಷದ ಶುರುವಿಗೆ ಅದು ಒಂದು ಬೀಕನ್, ಅಂದರೆ ಸಮಯದ ಸಂಕೇತ, ಕಳಿಸುತ್ತದೆ. ಪ್ರತಿ ಸೆನ್ಸಾರ್‌ಗೂ ಒಂದು ನಂಬರ್, ಬೀಕನ್‌ನಿಂದ ಎಣಿಸಿ ತನ್ನ 1.5 ಸೆಕೆಂಡಿನ ಸರದಿಯ ನಡುವಲ್ಲಿ ಮಾತಾಡಬೇಕು. ಅವತ್ತೇ 30ಕ್ಕೆ 30 ಬಂತು. ಭಾವನಿಗೆ ಫೋನ್ ಮಾಡುವಾಗ ನನಗೆ ಎಷ್ಟು ಖುಷಿ ಆಗಿತ್ತೆಂದರೆ ಹೇಳಲಿಕ್ಕಾಗುವುದಿಲ್ಲ.

ಏಪ್ರಿಲ್‌ನಲ್ಲಿ ಸಿಡಿಲಿಗೆ ಹೆದರಿ ಲೈನ್ ಕಿತ್ತು ಬ್ಯಾಟರಿಗೆ ಹಾಕಿದೆ. ಬ್ಯಾಟರಿ ಉಳಿಯಲಿ ಅಂತ ಸೆನ್ಸಾರ್‌ಗಳನ್ನು ನಿದ್ದೆಗೆ ಕಳಿಸಿದೆ. ಮಧ್ಯಾಹ್ನ ಮಾತ್ರ, ಬಿಸಿಲು ಬೀಳುವ ಬದಿಯ ಏಳೆಂಟು ಸೆನ್ಸಾರ್ ಕಾಣೆಯಾಗತೊಡಗಿದವು. ನಿದ್ದೆಯಲ್ಲಿ ಸೆನ್ಸಾರ್ ಒಳಗಿನ ಇಎಸ್‌ಪಿ32 ಚಿಪ್ ತನ್ನೊಳಗಿನ ಅಗ್ಗದ ಗಡಿಯಾರ ನಂಬುತ್ತದೆ, ಡಬ್ಬಿ ಬಿಸಿಯಾದರೆ ಅದು ಓಡುವ ವೇಗವೇ ಬದಲಾಗುತ್ತದೆ. ಒಂದು ಶೇಕಡಾ ತಪ್ಪಿದರೂ ನಿಮಿಷಕ್ಕೆ 0.6 ಸೆಕೆಂಡ್. ನನ್ನ ಸರದಿಯಲ್ಲಿ ಸಂದೇಶದ ಆಚೆ ಈಚೆ ಇದ್ದ ಜಾಗ ತಲಾ 0.55 ಸೆಕೆಂಡ್. ಹೊರಗಿನಿಂದ, ಗಡಿಯಾರಗಳಲ್ಲಿ ಇರುವಂಥ 32.768 ಕಿಲೋಹರ್ಟ್ಸ್ ಕ್ರಿಸ್ಟಲ್ ಬೆಸುಗೆ ಹಾಕಿದೆ. ಈಗ ನಿಮಿಷಕ್ಕೆ ಒಂದೆರಡು ಮಿಲಿಸೆಕೆಂಡ್ ವ್ಯತ್ಯಾಸ ಅಷ್ಟೇ. ಈ ಕೆಲಸ ಮಾಡುವವರು ಕ್ರಿಸ್ಟಲ್ ಮೊದಲೇ ಹಾಕಿ, ತೋಟದಲ್ಲಿ ಕೂತು 30 ಡಬ್ಬಿ ಬಿಚ್ಚುವುದು ಬೇಡ.

ಸರದಿಗೆ 45 ಸೆಕೆಂಡ್ ಹೋಗುತ್ತದೆ. ಉಳಿದ 15ರಲ್ಲಿ ಬೀಕನ್, ತಪ್ಪಿದವರಿಗೆ ಇನ್ನೊಂದು ಅವಕಾಶ. ಹೊಸ ಸೆನ್ಸಾರ್ ತಂದರೆ ಅದೂ ಮೊದಲು ಅಲ್ಲೇ ಮಾತಾಡಿ ನಂಬರ್ ಕೇಳುತ್ತದೆ.