ಪಾತ್ರಗಳಿಗೆ ಉದ್ರಿ ಖಾತೆ ತೆರೆದೆ

"ಇದು ಕತೆನಾ, ಅಂಗಡಿ ಲೆಕ್ಕಾನಾ?" ಅಂತ ಗಂಗಾವತಿಯ ನನ್ನ ಬರೆಯುವ ಗೆಳೆಯರು ನಕ್ಕಿದ್ದರು, ಕತೆಯ ಪಾತ್ರಗಳ ಸಾಲ-ಬಾಕಿಯನ್ನು ನಾನು ಖಾತೆ ಪುಸ್ತಕದಲ್ಲಿ ಬರೆಯತೊಡಗಿದಾಗ. ಅದೇ ಲೆಕ್ಕದಿಂದ ಹುಟ್ಟಿದ ಕತೆಗೆ ಹೋದ ವರ್ಷ ಒಂದು ವಿಶೇಷಾಂಕದಲ್ಲಿ ಬಹುಮಾನ ಬಂತು. ನಕ್ಕವರಲ್ಲೇ ಇಬ್ಬರು ಈಗ ಖಾತೆ ಪುಸ್ತಕ ಕೊಂಡಿದ್ದಾರೆ!

ಅದಕ್ಕೆ ಮುಂಚಿನ ಕತೆ ಬೇರೆ. ಮೊದಲ ಸಂಕಲನವನ್ನು ಕೈಯಿಂದ ದುಡ್ಡು ಹಾಕಿ ತಂದೆ. 500 ಪ್ರತಿಗೆ 35 ಸಾವಿರದ ಹತ್ತಿರ ಬಿತ್ತು. ಡಿಟಿಪಿ ಬೇರೆ, ಮುಖಪುಟ ಬರೆದ ಹುಡುಗನಿಗೆ ಬೇರೆ. ಮಾರಿದ್ದು 100ರ ಆಸುಪಾಸು. ಉಳಿದವು ಮದುವೆ, ಗೃಹಪ್ರವೇಶಗಳಿಗೆ ಉಡುಗೊರೆಯಾಗಿ ಹೋದವು. ಓದಿದವರು ಭಾಷೆ ಚೆನ್ನಾಗಿದೆ ಅಂದರು. ಒಂದು ಪಾತ್ರದ ಹೆಸರೂ ಯಾರ ಬಾಯಲ್ಲೂ ಬರಲಿಲ್ಲ.

ಎತ್ತರ, ಬಣ್ಣ, ಇಷ್ಟದ ಊಟ, ಚಿಕ್ಕಂದಿನ ನೋವು ಅಂತ ಎಲ್ಲರೂ ತುಂಬಿಸುವ ಪಟ್ಟಿಯನ್ನು ನಾನೂ ತುಂಬಿಸಿದ್ದೆ. ಅಷ್ಟಾದರೂ ಪಾತ್ರ ಎದ್ದು ಬಾಗಿಲು ತೆಗೆಯುತ್ತಿರಲಿಲ್ಲ. ಸಿಂಧನೂರು ಬಸ್ಸಿನಲ್ಲಿ ಜನರ ಮಾತು ಕದ್ದು ಕೇಳಿ ಫೋನಿನಲ್ಲಿ ಬರೆದುಕೊಂಡದ್ದೂ ಆಯ್ತು. ಮಾತು ಸೊಗಸಾಗಿತ್ತು. ಆದರೆ ಯಾರ ಬಾಯಿಗೆ ಹಾಕಿದರೂ ಹೊಂದುತ್ತಿತ್ತು. ತೊಂದರೆ ಅದೇ ಅಲ್ವಾ?

ಹಗಲು ನಾನು ಗೊಬ್ಬರದಂಗಡಿಯಲ್ಲಿ ಲೆಕ್ಕ ಬರೆಯುವವನು. ನಮ್ಮ ಕಡೆ ಬೀಜ, ಗೊಬ್ಬರ, ಎಣ್ಣೆ (ಬೆಳೆಗೆ ಹೊಡೆಯುವ ಔಷಧಿ) ಬಹಳಷ್ಟು ಉದ್ರಿ. ಭತ್ತ ಮಾರಿದ ಮೇಲೆ ಬಡ್ಡಿ ಸಮೇತ ಚುಕ್ತಾ. ಪುಟ ತಿರುವಿದರೆ ಮನುಷ್ಯ ಕಾಣುತ್ತಾನೆ. ಯೂರಿಯಾ ಅಂತ ಬರೆಸಿದ ದುಡ್ಡು ಮಗಳ ಫೀಸಿಗೆ ಹೋಗಿರುತ್ತೆ. ಕಟ್ಟಲು ಬಂದಾಗ ಹೆಂಡತಿಯನ್ನು ಹೊರಗೇ ನಿಲ್ಲಿಸಿರುತ್ತಾನೆ.

ಹಾಗೆ ಒಂದೊಂದು ಪಾತ್ರಕ್ಕೆ ಒಂದೊಂದು ಪುಟ ತೆರೆದೆ. ಯಾರಿಗೆ ಕೊಡಬೇಕು, ಯಾರಿಂದ ಬರಬೇಕು, ಮನೆಯಲ್ಲಿ ಯಾರಿಗೆ ಗೊತ್ತಿಲ್ಲ, ಯಾರನ್ನು ಕಂಡರೆ ಬೇರೆ ಓಣಿ ಹಿಡಿಯುತ್ತಾನೆ. ಐದನೇ ಕಲಮೂ ಇದೆ. ಕಾದಂಬರಿ ಅಚ್ಚಾಗುವ ತನಕ ಅದನ್ನು ಹೇಳೋದಿಲ್ಲ.

2024ರ ಆಗಸ್ಟ್ 10ರ ರಾತ್ರಿ ನಮ್ಮ ಭತ್ತಕ್ಕೆ ನೀರು ಕೊಡುವ ತುಂಗಭದ್ರಾ ಜಲಾಶಯದ 19ನೇ ಗೇಟು ಕೊಚ್ಚಿ ಹೋಯಿತಲ್ಲ, ಆ ಸುದ್ದಿಯನ್ನು ನನ್ನ ಪಾತ್ರಗಳಿಗೆ ಮುಟ್ಟಿಸಿ ನೋಡಿದೆ. ಮುಂಚೆಯಾಗಿದ್ದರೆ ಎಲ್ಲರೂ ಒಂದೇ ಥರ ತಲೆ ಮೇಲೆ ಕೈ ಹೊತ್ತು ಕೂಡುತ್ತಿದ್ದರು. ಈಗ ಹೊಲದ ಯಜಮಾನ "ದೇವರಿದ್ದಾನೆ" ಅಂದು ಪಕ್ಕಕ್ಕೆ ಹೊರಳಿದ. ಬೆಳೆ ಬಂದರೂ ಬಿಟ್ಟರೂ ಅವನಿಗೆ ಎಕರೆಗೆ ಇಷ್ಟು ಚೀಲ ಅಂತ ಮಾತಾಗಿದೆ. ಅಂಗಡಿ ಸಾಹುಕಾರ ಕಾಲುವೆಯ ಕೊನೆ ಭಾಗದ ಊರುಗಳ ಬಾಕಿ ಕೂಡಿಸತೊಡಗಿದ. ಆ ಹೊಲವನ್ನು ಲೀಸಿಗೆ ಮಾಡಿದವನು ಫೋನು ಸ್ವಿಚ್ ಆಫ್ ಮಾಡಿ, ಹೆಂಡತಿಗೆ "ಟಿವಿಯವರದು ಜಾಸ್ತಿ ಆಯ್ತು" ಅಂದ. ಅವಳಿಗೆ ಆಗಲೇ ಗೊತ್ತು. ಬಂಗಾರ ಅಡವಿಟ್ಟ ಚೀಟಿ ಹುಡುಕುತ್ತಿದ್ದಳು. ಆ ಫೋನು, ಆ ಚೀಟಿ ಎರಡನ್ನೂ ನಾನು ಮೊದಲೇ ಯೋಚಿಸಿರಲಿಲ್ಲ. ಪುಟದಿಂದಲೇ ಎದ್ದು ಬಂದವು.

ನಡುವೆ ಒಬ್ಬ ಮೇಷ್ಟ್ರ ಪುಟ ತೆರೆದೆ. ಸಂಬಳದವನು, ಸಾಲವಿಲ್ಲ. ಪುಟ ಖಾಲಿ! ವಾರಗಟ್ಟಲೆ ಹಾಗೇ ಇತ್ತು. ಆಮೇಲೆ ದುಡ್ಡು ಬಿಟ್ಟು ಬೇರೆ ಋಣ ಬರೆದೆ. ಇವನನ್ನು ಓದಿಸಲು ಅಣ್ಣ ಸಾಲೆ ಬಿಟ್ಟಿದ್ದ. ಅಣ್ಣ ಒಂದು ದಿನವೂ ಅದನ್ನು ಎತ್ತಿ ಆಡಿಲ್ಲ. ಅಷ್ಟು ಬರೆದದ್ದೇ ತಡ, ಮೇಷ್ಟ್ರು ಅಣ್ಣನ ಮನೆಯಲ್ಲಿ ಊಟಕ್ಕೆ ಕೂಡದಾದರು.

ಕ್ಯಾಂಪಿನ, ಅಂದರೆ ಆಂಧ್ರದಿಂದ ಬಂದು ನೆಲೆಸಿದ ರೈತರ ಊರಿನ ಪಾತ್ರಕ್ಕೆ ತೆಲುಗು ಬೆರೆತ ಕನ್ನಡ ಆಡಿಸಿದರೆ ಸಾಕು ಅನ್ನುವವರು ನಮ್ಮಲ್ಲಿ ಬಹಳ. ಸುಮ್ನೆ ವೇಷ ಅದು. ಮಾತು ತೆಗೆದು ಹಾಕಿದ ಮೇಲೂ ಅವನು ನಿಲ್ಲುತ್ತಾನಾ ನೋಡಿ.

ಬಹುಮಾನದ ದುಡ್ಡು 10 ಸಾವಿರ. ಸಂಕಲನದ ನಷ್ಟ ಇನ್ನೂ ತುಂಬಿಲ್ಲ, ಬಿಡಿ. ಬರೆದ ಲೆಕ್ಕದಲ್ಲಿ ಕತೆಗೆ ಹೋಗುವುದು ಹತ್ತರಲ್ಲಿ ಒಂದು ಪಾಲೂ ಇಲ್ಲ. ಬಡ್ಡಿ ದರ ಸಮೇತ ಎಲ್ಲ ತುಂಬಿ ಕಳಿಸಿದ ಕತೆಯೊಂದು ಹಾಗೇ ವಾಪಸ್ ಬಂತು. ಬಂದುಹೋಗುವ ಪಾತ್ರಕ್ಕಂತೂ ಇಡೀ ಪುಟ ಬೇಡ. ಒಗ್ಗಾಣಿ ಮಿರ್ಚಿ ಅಂಗಡಿಯವನು ಯಾರಿಗೆ ಉದ್ರಿ ಕೊಡೋದಿಲ್ಲ ಅನ್ನುವುದು ಗೊತ್ತಿದ್ದರೆ ಸಾಕು.